ಕೊಟ್ಟೂರು ಸೀಮೆಯ ಕಥನಋಣ

ಪೂರ್ವಕಥೆಯೊಂದರಿಂದ ವಸ್ತುವನ್ನು ಸ್ವೀಕರಿಸಿದನೆಂಬಷ್ಟಕ್ಕೇ ಕವಿಯನ್ನು ಚೋರನೆಂದು ಹಳಿಯುವ ಪದ್ಧತಿ ನಮ್ಮ ನಾಡಿನದಲ್ಲ. ವ್ಯಾಸಭಾರತವನ್ನು ಕೈಗೆತ್ತಿಕೊಂಡ ಪಂಪನು ಅರ್ಜುನನಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಕಂಡನು; ಆ ಕಥೆಯೇ ಕುಮಾರವ್ಯಾಸನಲ್ಲಿ ಕೃಷ್ಣಕಥೆಯಾಯಿತು. ತಂದ ವಸ್ತುವನ್ನು ಯಾವ ಕಾರ್ಯಕ್ಕೆ ತೊಡಗಿಸಿದನೆಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಈ ವಿದ್ಯೆಗೆ ರಾತ್ರಿಯಿಡೀ ನಡೆಯುವ ದೊಡ್ಡಾಟವೆಂಬ ಬಯಲಾಟವೇ ಪಾಠಶಾಲೆ. ಕಿರೀಟ ಭುಜಕೀರ್ತಿಗಳನ್ನು ತೊಟ್ಟ ದುರ್ಯೋಧನನು ಅಟ್ಟವೇರಿ ಕುಣಿದು ನಿಂತೊಡನೆ ಸಾರಥಿಯು ಅಡ್ಡಬಂದು, ತಾವು ಯಾರು, ಯಾವ ದೇಶದವರು ಎಂದು ವಿಚಾರಿಸುತ್ತಾನೆ. ಲೋಕವೇ ಬಲ್ಲ ಚಕ್ರವರ್ತಿಯು ಆ ಊರಿನವರೆದುರು ತನ್ನ ನಾಮಾಂಕಿತವನ್ನು ಹೊಸದಾಗಿ ಹೇಳಿಕೊಳ್ಳಬೇಕಾಗುತ್ತದೆ.

ಕೊಟ್ಟೂರಿನಲ್ಲಿ ಜನಿಸಿದ ಕುಂ. ವೀರಭದ್ರಪ್ಪನವರು 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ತಮ್ಮ 'ಅರಮನೆ' ಕಾದಂಬರಿಯಲ್ಲಿ ಥಾಮಸ್ ಮನ್ರೋನನ್ನು ನಿಲ್ಲಿಸಿರುವುದು ಇಂತಹುದೇ ಒಂದು ಅಟ್ಟದ ಮೇಲೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಕಲೆಕ್ಟರನಾಗಿ ಬಂದು, 1807ರವರೆಗೆ ಇಲ್ಲಿದ್ದು, ಪಾಳೆಯಗಾರರ ಬಲವನ್ನು ಮುರಿದು ಕಂದಾಯವನ್ನು ನಿಗದಿಗೊಳಿಸಿದವನು ದಫ್ತರಗಳ ಮನ್ರೋ. ಮಂತ್ರಾಲಯದ ಬೃಂದಾವನದೆದುರು ನಿಂತು ರಾಯರೊಡನೆ ಸಂಭಾಷಿಸಿದ ಪುಣ್ಯಪುರುಷನು ಜನರ ಬಾಯಿನ ಮನ್ರೋ. ಲೇಖಕರು ಈ ಇಬ್ಬರನ್ನೂ ಎರವಲು ಪಡೆದರು. ಆದರೆ ಇತಿಹಾಸದ ಸಾಕ್ಷ್ಯದಿಂದ ಐತಿಹ್ಯವನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಕುದುರೆಡವು ಎಂಬ ಊರಿನ ಪಾಳುಬಿದ್ದ ಅರಮನೆ, ಮೈದುಂಬುವ ದೇವತೆ ಸಾಂಬವಿ, ಕಂಪನಿಯ ಅಧಿಕಾರಿ ಇವರೆಲ್ಲರೂ ಒಂದೇ ನೆಲದ ಮೇಲೆ ನಿಲ್ಲುವುದರಿಂದ, ಅಧಿಕಾರವು ಅರಸನ ಕೈಯಿಂದ ಜಾರಿ ಒಂದೆಡೆ ದೇವತೆಯನ್ನೂ ಇನ್ನೊಂದೆಡೆ ಪರದೇಶಿಯನ್ನೂ ಸೇರುವ ಬಗೆಯು, ಯಾವ ಗೆಜೆಟಿಯರಿನಲ್ಲಿಯೂ ಕಾಣದಷ್ಟು ಸ್ಪಷ್ಟವಾಗಿ ಇಲ್ಲಿ ಗೋಚರಿಸುತ್ತದೆ.

ಇದಕ್ಕಿಂತಲೂ ದೊಡ್ಡ ಋಣವು ಕಥನರೀತಿಯದು. ಸ್ಥಳಪುರಾಣವನ್ನು ಹೇಳುವವನು ಒಂದು ವಾಕ್ಯದ ಬಾಲವನ್ನು ಇನ್ನೊಂದರ ತಲೆಗೆ ಕಟ್ಟುತ್ತ, ಕೇಳುವವರಿಗೆ ಎದ್ದುಹೋಗಲು ಎಡೆಗೊಡದೆ ಸಾಗುವ ಆ ಧಾಟಿಯನ್ನು ಲೇಖಕರು ಗದ್ಯಕ್ಕೆ ಇಳಿಸಿದ್ದಾರೆ. ಕಾದಂಬರಿಯೆಂಬ ಪ್ರಕಾರ ಪಶ್ಚಿಮದ್ದು, ಅದರ ಉಸಿರು ಮಾತ್ರ ಕೂಡ್ಲಿಗಿ ಸೀಮೆಯದು. ಈ ಸಾಧನೆಯನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ.

ಆದರೂ ಒಂದು ದೋಷವನ್ನು ಹೇಳಲೇಬೇಕು. ದೊಡ್ಡಾಟದಲ್ಲಿ ಬೆಳಗಾಗುವುದೇ ಆಟಕ್ಕೆ ಮುಕ್ತಾಯ. ಪುಸ್ತಕಕ್ಕೆ ಅಂತಹ ಎಲ್ಲೆಯಿಲ್ಲವಾದುದರಿಂದ ಲೇಖಕನೇ ಅದನ್ನು ವಿಧಿಸಿಕೊಳ್ಳಬೇಕು. 'ಅರಮನೆ'ಯಲ್ಲಿ ಉಪಕಥೆಗಳು ಒಂದರ ಹೆಗಲನ್ನೊಂದು ಏರುತ್ತ, ಮುಖ್ಯಕಥೆ ಎಷ್ಟೋ ಕಡೆ ಮರೆಯಾಗುತ್ತದೆ. ಮನ್ರೋ ಬರುವ ಭಾಗಗಳಲ್ಲಿ ಎರವಲು ಸಂಪೂರ್ಣವಾಗಿ ಸ್ವಂತವಾಗಿದೆ; ಅಲ್ಲಿ ಈ ಕೃತಿಗೆ ಸಮಾನವಾದುದು ಇತ್ತೀಚಿನ ಕನ್ನಡದಲ್ಲಿ ವಿರಳ.