ರಿದಮ್ ಗಿಟಾರಿಗೆ ಕಿವಿಗೊಡಿರಿ: ಹೆವಿ ಮೆಟಲ್ ರಸಿಕರಿಗೊಂದು ಕೈಪಿಡಿ

ಮಳೆಗಾಲದ ರಜಾದಿನಗಳಲ್ಲಿ ಮೂಡಿಗೆರೆ ಬಳಿಯ ದೇವರಮನೆಯ ಗುಡ್ಡವನ್ನೇರಿ ಬರುವ ತರುಣರ ಪೈಕಿ ಕೆಲವರು, ಕಾಲಭೈರವೇಶ್ವರನ ಗುಡಿಯಿಂದ ಆಚೆಗೆ ಕಾರನ್ನು ನಿಲ್ಲಿಸಿ, ಡಿಕ್ಕಿಯನ್ನು ತೆರೆದಿಟ್ಟು, ಕಣಿವೆಯೆಲ್ಲ ಮೊಳಗುವಂತೆ ಹೆವಿ ಮೆಟಲ್ ಹಾಕುವುದುಂಟು. ಗುಡ್ಡದ ಪ್ರಶಾಂತಿಯನ್ನು ಕೆಡಿಸಿದರೆಂದು ಊರವರಿಗೆ ಅವರ ಮೇಲೆ ಕೋಪ. ಈ ತಪ್ಪಲಿನ ಕಾಫಿ ತೋಟದಲ್ಲಿದ್ದುಕೊಂಡು ಹಲವು ದಶಕಗಳಿಂದ ಇದೇ ಸಂಗೀತವನ್ನು ಆರಾಧಿಸುತ್ತ ಬಂದಿರುವ ನನಗೂ ಅವರ ಮೇಲೆ ಕೋಪವೇ. ಆದರೆ ಕಾರಣ ಬೇರೆ. ಅವರು ಒಂದು ಹಾಡನ್ನೂ ತುದಿಮುಟ್ಟ ಕೇಳುವುದಿಲ್ಲ. ಸೋಲೋ ಬರುವ ಕಡೆಗೆ ಬೆರಳನ್ನು ಜಾರಿಸಿ, ಅಲ್ಲಿ ತಲೆ ಕುಣಿಸಿ, ಅದನ್ನು ವಿಡಿಯೋ ಮಾಡಿಕೊಂಡು, ಮರುಗಳಿಗೆಯಲ್ಲಿ ಮತ್ತೊಂದು ಹಾಡಿಗೆ ಜಿಗಿಯುವ ಈ ಚಪಲತೆಯನ್ನು ಶ್ರವಣವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಂಥವರಲ್ಲಿ ಒಬ್ಬಿಬ್ಬರಾದರೂ ನಿಜವಾದ ರಸಿಕರಾಗಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಈ ಸಂಗೀತ ಎಲ್ಲಿ ಹುಟ್ಟಿತು, ಅದರ ಶಾಖೋಪಶಾಖೆಗಳಾವುವು, ಥ್ರಾಶಿಗೂ ಡೂಮಿಗೂ ಇರುವ ಅಂತರವೇನು ಎಂಬ ಬಾಲಬೋಧೆ ಇಲ್ಲಿಲ್ಲ. ಅದೆಲ್ಲ ಕೇಳುತ್ತ ಕೇಳುತ್ತ ತಾನಾಗಿ ತಿಳಿಯತಕ್ಕದ್ದು. ನಾನು ಹೇಳಬೇಕಾಗಿರುವುದು ಒಂದೇ ಮಾತು: ಹೆವಿ ಮೆಟಲ್ ಆಲ್ಬಮ್ಮಿನ ಪ್ರಾಣವಿರುವುದು ಸೋಲೋದಲ್ಲಿ ಅಲ್ಲ, ಕಿರುಚಾಟದಲ್ಲಿ ಅಲ್ಲ, ವೇಗದಲ್ಲಿಯೂ ಅಲ್ಲ, ಅದಿರುವುದು ಹಾಡನ್ನು ಕೆಳಗಿನಿಂದ ಹೊತ್ತು ನಡೆಯಿಸುವ ರಿದಮ್ ಗಿಟಾರಿನಲ್ಲಿ. ಯಕ್ಷಗಾನಕ್ಕೆ ಮೊದಲ ಸಲ ಬಂದವನ ಕಿವಿಯನ್ನು ಸೆಳೆಯುವುದು ಚಂಡೆ. ಆದರೆ ಭಾಗವತರ ಪದ್ಯವನ್ನು ರಾತ್ರಿಯಿಡೀ ಹೊತ್ತು ನಡೆಯಿಸುವ ಮದ್ದಳೆಯ ಕಡೆಗೆ ಯಾವಾತನ ಕಿವಿ ತಿರುಗಿತೋ ಆತ ಅಂದಿನಿಂದ ಪ್ರೇಕ್ಷಕನಾಗಿ ಉಳಿಯದೆ ರಸಿಕನಾಗುತ್ತಾನೆ. ಇಲ್ಲಿಯೂ ಹಾಗೆಯೇ.

ನನ್ನ ಕಿವಿ ಆ ಕಡೆಗೆ ತಿರುಗಿದ್ದು ಅಕಸ್ಮಾತ್ತಾಗಿ. ಬೆಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ ಸಹಪಾಠಿಯೊಬ್ಬನು ಮೆಟಾಲಿಕಾ ತಂಡದ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ಮನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟಿದ್ದನು. ಆಷಾಢದ ರಜೆಗೆ ತೋಟಕ್ಕೆ ಬಂದಾಗ, ಕರೆಂಟಿಲ್ಲದ ರಾತ್ರಿಯಲ್ಲಿ, ಬ್ಯಾಟರಿಯ ವಾಕ್‌ಮನ್ನಿನಲ್ಲಿ ಅದನ್ನು ಕೇಳಲು ಕುಳಿತರೆ ಇಯರ್‌ಫೋನಿನ ಬಲಗಡೆಯದು ಸತ್ತುಹೋಗಿತ್ತು. ಎಡಗಿವಿಗೆ ಬಂದದ್ದು ಒಂಟಿ ಗಿಟಾರು: ಬೋಳಾದ, ನಿಷ್ಠುರವಾದ, ಅಂಗುಲದಷ್ಟೂ ಆಚೀಚೆ ಸರಿಯದ ಒಂದು ಕೈಯ ಕೆಲಸ. ಕುತೂಹಲದಿಂದ ಪ್ಲಗ್ಗನ್ನು ತಿರುಚಿ ಅಲುಗಿಸಿದಾಗ ಎಡಗಡೆಯದು ಅಡಗಿ ಬಲಗಡೆಯದು ಕ್ಷಣಕಾಲ ಜೀವಗೊಂಡಿತು. ಅಲ್ಲಿಯೂ ಅದೇ ರಿಫ್, ಎಂದರೆ ಮರಳಿ ಮರಳಿ ಬರುವ ಅದೇ ಸ್ವರಗುಚ್ಛ, ಆದರೆ ಅದೇ ನುಡಿಸಾಣಿಕೆಯಲ್ಲ! ಒಂದನ್ನು ನಕಲು ಮಾಡಿ ಎರಡೂ ಕಡೆಗೆ ಹಂಚಿದುದಲ್ಲ, ಅದೇ ಮನುಷ್ಯ ಅದೇ ರಿಫ್ಫನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನುಡಿಸಿದ್ದನು. ಆ ಎರಡರ ನಡುವಿನ ಕೂದಲೆಳೆಯ ವ್ಯತ್ಯಾಸದಿಂದಲೇ ನಾನು ಅದುವರೆಗೆ ಬರಿಯ ಗದ್ದಲವೆಂದು ಮೆಚ್ಚಿಕೊಂಡಿದ್ದ ಆ ನಾದಕ್ಕೆ ಗೋಡೆಯ ದಪ್ಪ ಬಂದಿತ್ತು. ಆದುದರಿಂದ ಹೊಸಬರಿಗೆ ನನ್ನ ಮೊದಲನೆಯ ಪಾಠ: ಒಂದು ಇಯರ್‌ಫೋನನ್ನು ತೆಗೆದಿಟ್ಟು ಆಲ್ಬಮ್ಮನ್ನು ಪೂರ್ತಿ ಕೇಳಿರಿ, ಆಮೇಲೆ ಮತ್ತೊಂದನ್ನು ತೆಗೆದಿಟ್ಟು ಪೂರ್ತಿ ಕೇಳಿರಿ, ಮೂರನೆಯ ಸಲ ಎರಡನ್ನೂ ಹಾಕಿಕೊಳ್ಳಿರಿ.

ಆ ಆಲ್ಬಮ್ ಸಿದ್ಧವಾದ ಬಗೆಯನ್ನು ತಿಳಿದರೆ ಈ ಪಾಠದ ಮಹತ್ತ್ವ ಮನದಟ್ಟಾಗುತ್ತದೆ. 1985ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ, ಫ್ಲೆಮಿಂಗ್ ರಾಸ್ಮುಸೆನ್ ಎಂಬ ಎಂಜಿನಿಯರನೊಡನೆ ಮೆಟಾಲಿಕಾದ ತರುಣರು ದುಡಿದರು. ತಂಡದಲ್ಲಿ ಗಿಟಾರ್ ವಾದಕರು ಇಬ್ಬರಿದ್ದರೂ ರಿದಮ್ ಭಾಗದ ಪದರಗಳನ್ನು ಒಂದರ ಮೇಲೊಂದಾಗಿ ನುಡಿಸಿದವನು ಜೇಮ್ಸ್ ಹೆಟ್‌ಫೀಲ್ಡ್ ಒಬ್ಬನೇ. ಒಂದೇ ಕೈಯ ಒತ್ತಡ, ಒಂದೇ ಕೈಯ ತೂಕ ಎಲ್ಲ ಪದರಗಳಲ್ಲಿಯೂ ಇರಬೇಕೆಂಬ ಹಟವೇ ಅದಕ್ಕೆ ಕಾರಣ. ಶೀರ್ಷಿಕೆಯ ಹಾಡಿನಲ್ಲಿ ಆತ ತಂತಿ ಮೀಟುವ ಪಿಕ್ಕನ್ನು ಮೇಲಕ್ಕೂ ಕೆಳಕ್ಕೂ ಆಡಿಸುವ ಸುಲಭ ಮಾರ್ಗವನ್ನು ಬಿಟ್ಟು, ರಿಫ್ಫಿನ ಬಹುತೇಕ ಎಲ್ಲ ಹೊಡೆತಗಳನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಾನೆ. ಅಷ್ಟು ವೇಗದಲ್ಲಿ ಹಾಗೆ ನುಡಿಸುವುದು ಮಣಿಕಟ್ಟಿಗೆ ಹಿಂಸೆ. ಆದರೆ ಮೇಲುಮುಖದ ಹೊಡೆತಕ್ಕೆ ಇಲ್ಲದ ಸಮತೂಕವಾದ ಪೆಟ್ಟು ಅದರಿಂದಲೇ ದೊರೆಯುತ್ತದೆ. ಅಂಗೈಯ ಅಂಚನ್ನು ತಂತಿಯ ಮೇಲೆ ಒತ್ತಿ ನಾದವನ್ನು ಅರ್ಧದಲ್ಲಿಯೇ ತಡೆಯುವುದು, ತಡೆದುದನ್ನು ಒಮ್ಮೆಲೇ ಬಿಟ್ಟು ಮೊಳಗಿಸುವುದು, ಈ ಎರಡರ ಸರದಿಯಿಂದ ಎಂಟು ನಿಮಿಷಗಳಿಗೂ ಮೀರಿದ ಹಾಡನ್ನು ಆತ ಕಟ್ಟಿದ್ದಾನೆ. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಈ ಹಾಡು ಬಂದ ಮೇಲೆ ಅದನ್ನು ಬಲ್ಲೆನೆಂದು ಹೇಳಿಕೊಳ್ಳುವವರು ಲಕ್ಷಾಂತರವಾದರು. ಅವರಲ್ಲಿ ಎಷ್ಟು ಮಂದಿ ಆ ಮಣಿಕಟ್ಟನ್ನು ಕೇಳಿಸಿಕೊಂಡಿದ್ದಾರೆ?

ಈ ವಿದ್ಯೆಯ ಮೂಲಪುರುಷ ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯೊಂದರ ಕೆಲಸವನ್ನು ಬಿಡಬೇಕೆಂದಿದ್ದ ಕಟ್ಟಕಡೆಯ ದಿನವೇ ಯಂತ್ರಕ್ಕೆ ಸಿಕ್ಕಿ ಆತನ ಬಲಗೈಯ ಎರಡು ಬೆರಳುಗಳ ತುದಿ ತುಂಡಾಯಿತು. ಆತ ಎಡಚನಾದುದರಿಂದ ತಂತಿಯನ್ನು ಒತ್ತಬೇಕಾದ ಕೈಯೇ ಅದು. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡು, ಅವುಗಳ ಮೇಲೆ ತೊಗಲನ್ನು ಅಂಟಿಸಿ, ತೆಳುವಾದ ತಂತಿಗಳನ್ನು ಹೂಡಿಕೊಂಡು ಆತ ಮತ್ತೆ ನುಡಿಸಲು ಕಲಿತನು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿಗೆ ಬರುವ ಹೊತ್ತಿಗೆ ಕೆಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನೇ ಮೂರು ಅರ್ಧಸ್ವರಗಳಷ್ಟು ಕೆಳಕ್ಕೆ ಇಳಿಸಿದನು. ಬಿಗಿ ಸಡಿಲಿದ ತಂತಿ ನೊಂದ ಬೆರಳಿಗೆ ಹಗುರ; ಅದರಿಂದ ಹೊರಟ ನಾದವಾದರೋ ಅದುವರೆಗೆ ಯಾರೂ ಕೇಳಿರದಷ್ಟು ಭಾರ. ‘ಇನ್‌ಟು ದ ವಾಯ್ಡ್’ ಎಂಬ ಹಾಡಿನ ಮೊದಲ ನಿಮಿಷವನ್ನು ಕೇಳಿರಿ. ಮಂದ್ರಕ್ಕೆ ಇಳಿದ ಷಡ್ಜವನ್ನು ಹಿಡಿದು ಅಲ್ಲಿಯೇ ನಿಲ್ಲುವ ಸುಖ ನಮ್ಮ ತಂಬೂರಿಯ ನಾಡಿನವರಿಗೆ ಹೊಸದೇನೂ ಅಲ್ಲ. ಈ ಸಂಗೀತವನ್ನು ಅರಿಯಲು ಕನ್ನಡದ ಕಿವಿಗೆ ಇರುವ ಸಿದ್ಧತೆ ಹಿರಿದು ಎಂದೇ ನನ್ನ ನಂಬಿಕೆ.

ಇದೇ ತಂಡದ ಮೊದಲ ಆಲ್ಬಮ್ 1969ರ ಅಕ್ಟೋಬರಿನಲ್ಲಿ ಲಂಡನ್ನಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಣಗೊಂಡಿತು. ಆರಂಭದ ಮಳೆ, ಗುಡುಗು, ಗಂಟೆಯ ಸದ್ದುಗಳನ್ನು ಆಮೇಲೆ ಸೇರಿಸಿದರು. ಒಂದೇ ದಿನವೆಂದೊಡನೆ ಅವಸರದ ಕೆಲಸವೆಂದು ತಿಳಿಯಬಾರದು. ಊರೂರಿನ ವೇದಿಕೆಗಳಲ್ಲಿ ನುಡಿಸಿ ನುಡಿಸಿ ಹದಗೊಂಡುದನ್ನು ಅವರು ಅಂದು ಟೇಪಿಗೆ ಒಪ್ಪಿಸಿದರು, ಅಷ್ಟೆ. ಈ ತಂಡದ ‘ಪ್ಯಾರನಾಯ್ಡ್’ ಎಂಬ ಒಂದೇ ಹಾಡನ್ನು ಬಲ್ಲವರು ನೆನಪಿಡಬೇಕು: ಎರಡನೆಯ ಆಲ್ಬಮ್ಮಿನಲ್ಲಿ ಉಳಿದಿದ್ದ ಜಾಗವನ್ನು ತುಂಬಲೆಂದು ಕೊನೆಗಳಿಗೆಯಲ್ಲಿ ಕಟ್ಟಿದ ಹಾಡು ಅದು.

ನುಡಿಸುವ ಕೈಯಂತೆ ಧ್ವನಿಮುದ್ರಣದ ಕೊಠಡಿಯೂ ನಾದವನ್ನು ರೂಪಿಸುತ್ತದೆ; ಅದಕ್ಕೆ ಎರಡು ನಿದರ್ಶನಗಳು ಸಾಕು. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ, ತಾವು ಧ್ವನಿಮುದ್ರಣ ನಡೆಸಬೇಕೆಂದಿದ್ದ ಕ್ಯಾಸಿನೋ ಬೆಂಕಿಗೆ ಆಹುತಿಯಾದ ಮೇಲೆ, ಡೀಪ್ ಪರ್ಪಲ್ ತಂಡದವರು ಚಳಿಗಾಲಕ್ಕೆಂದು ಮುಚ್ಚಿದ್ದ ಹೋಟೆಲೊಂದರ ಕಾರಿಡಾರಿನಲ್ಲಿ ವಾದ್ಯಗಳನ್ನು ಹೂಡಿ, ಹೊರಗೆ ನಿಲ್ಲಿಸಿದ್ದ ಮುದ್ರಣದ ಲಾರಿಗೆ ತಂತಿಗಳನ್ನೆಳೆದು ‘ಮೆಷೀನ್ ಹೆಡ್’ ಆಲ್ಬಮ್ಮನ್ನು ಮುಗಿಸಿದರು. 1980ರ ‘ಬ್ರಿಟಿಷ್ ಸ್ಟೀಲ್’ ಆಲ್ಬಮ್ಮಿಗೆ ಜೂಡಸ್ ಪ್ರೀಸ್ಟ್ ತಂಡದವರು ದೊಡ್ಡ ಬಂಗಲೆಯೊಂದರಲ್ಲಿ ಬೀಡುಬಿಟ್ಟು, ಗಾಜು ಒಡೆಯುವ ಸದ್ದಿಗೆ ಹಾಲಿನ ಬಾಟಲಿಗಳನ್ನು ಒಡೆದು, ಲೋಹಪುರುಷರ ಹೆಜ್ಜೆಯ ಸದ್ದಿಗೆ ಚಮಚ ಚಾಕುಗಳ ಟ್ರೇಯನ್ನು ಅಲುಗಿಸಿದರು. ಮೇಲೆ ಹೇಳಿದ ಹೋಟೆಲಿನಲ್ಲಿ ಡೀಪ್ ಪರ್ಪಲ್ಲಿನ ಧ್ವನಿಮುದ್ರಣ ಮಾಡಿದ ಎಂಜಿನಿಯರ್ ಮಾರ್ಟಿನ್ ಬರ್ಚ್. ಹತ್ತು ವರ್ಷಗಳ ಬಳಿಕ ಐರನ್ ಮೇಡನ್ ತಂಡದ ‘ದ ನಂಬರ್ ಆಫ್ ದ ಬೀಸ್ಟ್’ (1982) ಆಲ್ಬಮ್ಮನ್ನು ನಿರ್ಮಿಸಿದವನೂ ಆತನೇ. ಹಾಡುಗಾರರ ಹೆಸರನ್ನು ಹೇಗೋ ಹಾಗೆ ಇಂಥವರ ಹೆಸರನ್ನೂ ಕಂಠಪಾಠ ಮಾಡಬೇಕು.

ಇನ್ನು ಕಛೇರಿಗಳ ಮಾತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ, ರೊಬಸ್ಟಾಕ್ಕೆ ಹೂವಿನ ನೀರು ಕೊಡುವ ಕಾಲವಾಗಿದ್ದರೂ ತೋಟವನ್ನು ಮೇಲ್ವಿಚಾರಕನಾದ ರೈಟರಿಗೆ ಒಪ್ಪಿಸಿ ಹೋಗಿದ್ದೆನು. ಮೂರು ಗಿಟಾರುಗಳು ಒಂದೇ ರಾಗವನ್ನು ಸ್ವರಾಂತರದಲ್ಲಿ ಹೆಣೆಯುತ್ತಿದ್ದಾಗ, ಕೆಳಗೆ ಸ್ಟೀವ್ ಹ್ಯಾರಿಸ್ಸನ ಬೇಸ್ ಕುದುರೆಯೋಟದಂತೆ ಸಾಗುತ್ತಿದ್ದುದನ್ನು ಎದೆಯಲ್ಲಿ ಅನುಭವಿಸಿದೆನು. ಅಂದು ಅವರು ಹಿಂದಿನ ವರ್ಷದ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಆಲ್ಬಮ್ಮಿನ ಹಾಡುಗಳನ್ನು ನುಡಿಸುವಾಗ, ಹಳೆಯ ಜನಪ್ರಿಯ ಹಾಡುಗಳಿಗಾಗಿ ಕಾಯುತ್ತಿದ್ದ ನನ್ನ ಸುತ್ತಲಿನವರು ಹರಟೆಗೆ ತೊಡಗಿದರು. ಕೂಡಿ ನುಡಿಸಿದುದನ್ನು ಮುದ್ರಿಸಿ, ಮಾಸ್ಟರಿಂಗ್ ಎಂಬ ಕಡೆಯ ಸಂಸ್ಕಾರವನ್ನೇ ಬೇಡವೆಂದು ಬಿಟ್ಟ ಆಲ್ಬಮ್ ಅದು. ಅದರ ಏರಿಳಿತ ಹಾಗೆಯೇ ಉಳಿದಿದೆ. ಇದಕ್ಕೆ ವಿರುದ್ಧವಾಗಿ ಮೆಟಾಲಿಕಾದ 2008ರ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ಮನ್ನು ಕಿವಿಗೆ ಅಪ್ಪಳಿಸುವಷ್ಟು ಗಟ್ಟಿಯಾಗಿಸಲು ಹೋಗಿ ನಾದವನ್ನೇ ಒಡೆದುಬಿಟ್ಟರು. ವಿಡಿಯೋ ಆಟವೊಂದರಲ್ಲಿ ಬಂದ ಅವೇ ಹಾಡುಗಳ ಪ್ರತಿ ಹೆಚ್ಚು ಶುದ್ಧವಾಗಿದೆಯೆಂದು ಅಭಿಮಾನಿಗಳೇ ಆಕ್ಷೇಪಿಸಿದರು. ಗಟ್ಟಿತನವೇ ಭಾರವೆಂಬ ಭ್ರಾಂತಿ ಕಾರಿನ ಡಿಕ್ಕಿಯಲ್ಲಿ ಮಾತ್ರವಲ್ಲ, ಸ್ಟುಡಿಯೋದಲ್ಲಿಯೂ ಇದೆ. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಎಂಬ ಮೆಲುಹಾಡಿಗೆ ಸಾವಿರಾರು ಮೊಬೈಲುಗಳು ಮೇಲೆದ್ದವು. ನಾನಾದರೋ ಹೆಟ್‌ಫೀಲ್ಡನ ಬಲಗೈಯಿಂದ ಕಣ್ಣು ಕೀಳಲಿಲ್ಲ.

ಡ್ರಮ್ಸಿನ ಬಗ್ಗೆ ಒಂದೇ ಮಾತು: ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ (1986) ಕೇಳಿರಿ. ಹತ್ತು ಹಾಡುಗಳು, ಅರ್ಧ ಗಂಟೆಗೂ ಕಡಮೆ. ನಿರ್ಮಾಪಕ ರಿಕ್ ರೂಬಿನ್ ಪ್ರತಿಧ್ವನಿಯನ್ನೆಲ್ಲ ತೆಗೆದುಹಾಕಿದ್ದರಿಂದ ಒಂದೊಂದು ಪೆಟ್ಟೂ ಪಕ್ಕದಲ್ಲಿಯೇ ಬಿದ್ದಂತಿದೆ. ಗಾಯನ, ಸಾಹಿತ್ಯ, ವೇಷಭೂಷಣ ಇವುಗಳ ವಿಚಾರವನ್ನು ಇತರರು ಬೇಕಾದಷ್ಟು ಬರೆದಿದ್ದಾರೆ.

ಕೊನೆಯದಾಗಿ, ಅಭ್ಯಾಸದ ಕ್ರಮ. ಸಬ್ಬತ್ತಿನ ಮೊದಲ ಮೂರು ಆಲ್ಬಮ್ಮುಗಳು, ಅನಂತರ ‘ಬ್ರಿಟಿಷ್ ಸ್ಟೀಲ್’, ‘ದ ನಂಬರ್ ಆಫ್ ದ ಬೀಸ್ಟ್’, ಕಡೆಗೆ ‘ಮಾಸ್ಟರ್ ಆಫ್ ಪಪೆಟ್ಸ್’. ಒಂದೊಂದನ್ನೂ ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಅವರು ಜೋಡಿಸಿದ ಅನುಕ್ರಮದಲ್ಲಿಯೇ. ಇಷ್ಟಾದ ಮೇಲೆ ಬೆಂಗಳೂರಿನವರ ಕಡೆಗೆ ಬನ್ನಿರಿ. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡದ ‘ಬರ್ನ್ ಅಪ್ ದ ನೈಟ್’ (2016) ಆಲ್ಬಮ್ಮಿನಲ್ಲಿ ಎರಡು ಗಿಟಾರುಗಳು ಎಡಬಲಗಳಲ್ಲಿ ನಡೆಯಿಸುವ ಸಂಭಾಷಣೆ, ಬೇವರ್ ಸೀ ತಂಡದವರು ಅಯೋಮಿಯ ಮಂದ್ರವನ್ನು ಹಿಡಿದು ನಿಧಾನವಾಗಿ ಎಳೆಯುವ ರಿಫ್ಫುಗಳು, ಇವೆಲ್ಲ ಆಗ ನಿಮಗೆ ತಾವಾಗಿ ತೆರೆದುಕೊಳ್ಳುತ್ತವೆ. ಕ್ರಿಪ್ಟೋಸಿನವರು ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿ ನುಡಿಸಿ ಬಂದಿದ್ದಾರೆ. ಅವರ ಕೈಯ ಕೆಲಸವನ್ನು ಬಿಡಿಬಿಡಿಯಾಗಿ ಗುರುತಿಸಿ ಮೆಚ್ಚಬಲ್ಲ ಕೇಳುಗರು ಅಲ್ಲಿದ್ದಾರೆ. ಅಂಥ ಕೇಳುಗರು ಮೂಡಿಗೆರೆಯಲ್ಲಿಯೂ ಕಳಸದಲ್ಲಿಯೂ ಇರಬಾರದೆಂದು ಯಾವ ವಿಧಿಯೂ ಇಲ್ಲ. ಅವರ ಆಲ್ಬಮ್ಮನ್ನು ದುಡ್ಡು ಕೊಟ್ಟು ಕೊಳ್ಳಿರಿ, ಎರಡೂ ಕಿವಿಗಳನ್ನು ಬೇರೆಬೇರೆಯಾಗಿ ಒಪ್ಪಿಸಿ ಕೇಳಿರಿ, ಕೇಳಿದುದರಲ್ಲಿ ರಿದಮ್ ಗಿಟಾರು ಏನು ಮಾಡಿತೆಂದು ಒಬ್ಬ ಸ್ನೇಹಿತನಿಗಾದರೂ ವಿವರಿಸಿ ಹೇಳಿರಿ. ಅಷ್ಟು ಹೇಳಬಲ್ಲವರಾದಾಗ ನಿಮ್ಮನ್ನು ನಾನು ರಸಿಕರೆಂದು ಒಪ್ಪುತ್ತೇನೆ.