ಬಾಯ್ದೆರೆದ ಹುಲಿ

ಹಳೆಯ ಬಂಗಲೆಯ ಹಜಾರದಲ್ಲಿ ಗಾಜಿನ ಕಣ್ಣು ಬಿಟ್ಟು ನಿಂತ ಹುಲಿಯನ್ನು ಕಂಡವರು, "ಒಳಗೆ ಹುಲ್ಲು ತುಂಬಿದ್ದಾರೆ" ಎನ್ನುವುದುಂಟು. ಮೈಸೂರಿನ ವ್ಯಾನ್ ಇಂಗನ್ ಕಾರ್ಖಾನೆಯ ಹುಲಿಗಳ ಮಟ್ಟಿಗೆ ಈ ಮಾತು ಅನ್ಯಾಯವಾದದ್ದು. ಅವುಗಳ ಒಳಗಿರುವುದು ಹುಲ್ಲಲ್ಲ. ಕಾಗದವನ್ನು ಅಂಟಿನೊಡನೆ ಪದರಪದರವಾಗಿ ಅಚ್ಚಿಗೆ ಒತ್ತಿ ಮಾಡಿದ ಟೊಳ್ಳು ಒಡಲು. ಮೃಗದ ದೇಹವನ್ನು ಬಲ್ಲ ಕೈಗಳು ಆ ಅಚ್ಚನ್ನು ಮಾಡಿದ್ದವು.

ಯೂಜೀನ್ ವ್ಯಾನ್ ಇಂಗನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಈ ಸಂಸ್ಥೆಯನ್ನು ಅವರ ಮಕ್ಕಳು ನಡೆಸಿಕೊಂಡು ಬಂದರು. 1999ರಲ್ಲಿ ಅದು ಮುಚ್ಚಿತು. ಪ್ಯಾಟ್ ಮಾರಿಸ್ ಅವರು ಅದರ ಬಗ್ಗೆ ಬರೆದ ಪುಸ್ತಕ 2006ರಲ್ಲಿ ಬಂತು. ಅವರ ಲೆಕ್ಕದಂತೆ ಅಲ್ಲಿ ಹದಗೊಂಡ ಹುಲಿ ಚಿರತೆಗಳು 43,000ಕ್ಕೂ ಹೆಚ್ಚು. ರಾಜರು, ಬ್ರಿಟಿಷ್ ಅಧಿಕಾರಿಗಳು, ದೊಡ್ಡ ಶಿಕಾರಿಗಳು ಉಪ್ಪು ಸವರಿದ ಚರ್ಮವನ್ನು ಮೈಸೂರಿಗೆ ಕಳಿಸುತ್ತಿದ್ದರು. ಚರ್ಮವನ್ನು ಹದಮಾಡಿ, ಅಳತೆಗೆ ಒಪ್ಪುವ ಒಡಲಿನ ಮೇಲೆ ಎಳೆದು, ಹೊಲಿಗೆ ಕಾಣದಂತೆ ಹೊಲಿದು, ತುಟಿ ರೆಪ್ಪೆಗಳನ್ನು ತಿದ್ದಿ, ಕಣ್ಣು ಕೂಡಿಸಿ, ನಾಲಗೆಗೆ ಬಣ್ಣ ಕೊಡುತ್ತಿದ್ದರು.

ಇದನ್ನು ಕಲೆ ಎನ್ನಬಹುದೆ? ಎನ್ನಬಹುದು ಎಂದೇ ನನ್ನ ಮತ. ಭುಜದ ಮಾಂಸಖಂಡದ ಉಬ್ಬು, ಮೂಗಿನ ಮೇಲೆ ನೆರಿಗೆಗಟ್ಟಿದ ಚರ್ಮ, ಹಲ್ಲಿನ ಮೇಲಿಂದ ಸರಿದ ತುಟಿ, ಇವನ್ನು ಅಷ್ಟು ನಿಷ್ಠೆಯಿಂದ ಮೂಡಿಸುವುದು ಸಾಧಾರಣ ಸಾಧನೆಯಲ್ಲ. ನನ್ನ ತಕರಾರು ಕೈಚಳಕದ ಮೇಲಲ್ಲ, ಆರಿಸಿಕೊಂಡ ಭಾವದ ಮೇಲೆ. ಇಷ್ಟೊಂದು ಹುಲಿಗಳು ಒಂದೇ ಬಗೆಯಾಗಿ ಬಾಯಿ ತೆರೆದು ಗುರ್ರೆನ್ನುತ್ತವಲ್ಲ, ಅದೇಕೆ?

ಹುಲಿ ಬೇಟೆಯಾಡುವುದು ಬಾಯಿ ಮುಚ್ಚಿಕೊಂಡು. ಸದ್ದಿಲ್ಲದೆ ಹತ್ತಿರ ಸರಿಯುವುದೇ ಅದರ ಬಲ. ಹಲ್ಲು ಕಿರಿದು, ಕಿವಿಗಳನ್ನು ಹಿಂದಕ್ಕೆ ಮಡಿಸಿ ಗುರುಗುಟ್ಟುವುದು ಬಹುಮಟ್ಟಿಗೆ ದಾರಿ ಕಟ್ಟಿಹೋದಾಗ, ಗಾಯಗೊಂಡಾಗ, ಹೆದರಿದಾಗ. ಶಿಕಾರಿಗೆ ಬೇಕಾಗಿದ್ದುದು ತನ್ನ ಶೌರ್ಯದ ಸಾಕ್ಷಿ. ಅವನ ಗೋಡೆಗೆ ಬಂದದ್ದು ಮೃಗದ ಭೀತಿಯ ಚಿತ್ರ. ಮಚಾನಿನ ಮೇಲೆ ಕುಳಿತು, ಕಟ್ಟಿದ ಕೋಣಕ್ಕೆ ಬಂದ ಹುಲಿಗೆ ಗುಂಡು ಹೊಡೆದವನಿಗೂ ಅದು ತನ್ನ ಮೇಲೆ ಎರಗಿ ಬಂದಂತೆ ಕಾಣಬೇಕು! ಶಾಂತವಾಗಿ ನೀರು ಕುಡಿಯುವ ಹುಲಿಯನ್ನು ನಿಲ್ಲಿಸಿದರೆ, ಬಂದ ಅತಿಥಿ "ಇದನ್ನೇಕೆ ಕೊಂದಿರಿ?" ಎಂದು ಕೇಳಿಬಿಟ್ಟಾನು.

ಇದು ಬಿಳಿಯರ ಚಪಲ ಮಾತ್ರ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಬೇಲೂರಿನಲ್ಲಿ ಸಳನೆದುರು ನಿಂತ ಮೃಗವನ್ನು ನೋಡಿ. ಕತೆಯಲ್ಲಿ ಹುಲಿ, ಕಲ್ಲಿನಲ್ಲಿ ಸಿಂಹದಂತೆ ಕಾಣುವ ಅದೂ ಬಾಯಿ ತೆರೆದೇ ಇದೆ. ಕೊಲ್ಲುವವನು ದೊಡ್ಡವನಾಗಲು ಮೃಗವೂ ಭಯಂಕರವಾಗಬೇಕಷ್ಟೆ. ಆದರೆ ನಮ್ಮಲ್ಲಿ ಇನ್ನೊಂದು ಹುಲಿಯೂ ಉಂಟು. ಪುಣ್ಯಕೋಟಿಯ ಕತೆಯ ಹುಲಿ ಆರ್ಭಟಿಸಿ ಬಂದು, ಕೊನೆಗೆ ನಾಚಿ ಪ್ರಾಣ ಬಿಡುತ್ತದೆ. ಆ ಮುಖಕ್ಕೆ ಯಾವ ಕಾರ್ಖಾನೆಯಲ್ಲಿ ಅಚ್ಚಿದ್ದೀತು?

ಸಳನ ಶಿಲ್ಪಕ್ಕೂ ಹಜಾರದ ಹುಲಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಲ್ಲು ತಾನು ಕಲ್ಲೆಂಬುದನ್ನು ಮರೆಮಾಚುವುದಿಲ್ಲ. ನೋಡುವವನು ಕತೆಯನ್ನು ಕತೆಯೆಂದೇ ಒಪ್ಪುತ್ತಾನೆ. ಇಲ್ಲಿಯಾದರೋ ಚರ್ಮ ನಿಜ, ಉಗುರು ನಿಜ, ಹಲವು ವೇಳೆ ಹಲ್ಲೂ ನಿಜ. ಅಷ್ಟೆಲ್ಲ ನಿಜ ಸೇರಿ ಒಂದು ಸುಳ್ಳಿಗೆ ರುಜು ಹಾಕುತ್ತವೆ. ಸತ್ತವನ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಂಡಂತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಶಿಕಾರಿಯನ್ನು ನಿಲ್ಲಿಸಿತು. ಉಳಿದಿರುವ ಹುಲಿಗಳನ್ನು ಇಟ್ಟುಕೊಳ್ಳಲು ಒಡೆತನದ ಪ್ರಮಾಣಪತ್ರ ಬೇಕು, ಮಾರುವಂತಿಲ್ಲ. ಹಾಗಾದರೆ ಇವನ್ನು ಸುಟ್ಟುಬಿಡಬೇಕೆ? ಬೇಡವೆಂದೇ ನಾನು ಹೇಳುತ್ತೇನೆ. ಲಂಡನ್ನಿನ ಸಂಗ್ರಹದಲ್ಲಿದ್ದ ಬ್ರಿಟಿಷರ ಕಾಲದ ಹುಲಿಚರ್ಮಗಳ ಚೂರುಗಳನ್ನು ವಿಜ್ಞಾನಿಗಳು ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಯಿಂದ ಮಾತ್ರ ಮರಿಗೆ ಇಳಿಯುವ ವಂಶವಾಹಿಯಲ್ಲಿ ಹಿಂದಿನ ಹುಲಿಗಳಲ್ಲಿದ್ದ ಬಗೆಗಳ ಪೈಕಿ ನೂರಕ್ಕೆ 93 ಇಂದಿನ ಹುಲಿಗಳಲ್ಲಿ ಕಾಣಸಿಗಲಿಲ್ಲ.

ಕಾಡಿನಲ್ಲಿ ಅಳಿದದ್ದರ ಗುರುತು ಗೋಡೆಯ ಮೇಲೆ ಉಳಿದಿದೆ. ಆದ್ದರಿಂದ ಹುಲಿ ಇರಲಿ; ಅದರ ಕೆಳಗಿನ ಹಿತ್ತಾಳೆ ಫಲಕದಲ್ಲಿ ಕೊಂದವನ ಹೆಸರೂ ಇರಲಿ. ಆ ಮುಖವನ್ನು ಅಚ್ಚು ಮಾಡಿತು ಎಂಬ ಒಂದು ಸಾಲು ಮಾತ್ರ ಸೇರಲಿ. ಅಷ್ಟು ಹೇಳಿದರೆ ವ್ಯಾನ್ ಇಂಗನ್ನರ ಕೌಶಲಕ್ಕೆ ಕುಂದಿಲ್ಲ. ಹುಲಿಗೂ ಅದರ ಪಾಲಿನ ನ್ಯಾಯ ಸ್ವಲ್ಪವಾದರೂ ಸಂದೀತು.