ಹೆತ್ತವರಿಗೂ ಒಂದು ಕುರ್ಚಿ

ತಾವೇ ಸಹಿ ಹಾಕಿದ ಕಾನೂನಿನ ಮೇಲೆ ತಾವೇ ಗೊಣಗುವ ಅಧ್ಯಕ್ಷರೂ ಇರುತ್ತಾರೆ. ಅಮೆರಿಕದ ಜೆರಾಲ್ಡ್ ಫೋರ್ಡ್ ಹಾಗೆ ಮಾಡಿದರು. 1975ರ ನವೆಂಬರ್ 29ರಂದು, ಅಂಗವಿಕಲ ಮಕ್ಕಳೆಲ್ಲರಿಗೂ ಸರ್ಕಾರಿ ಶಾಲೆಯಲ್ಲಿ ಉಚಿತವಾಗಿ, ಅವರಿಗೆ ತಕ್ಕ ಶಿಕ್ಷಣ ಸಿಗಲೇಬೇಕೆಂಬ ಕಾನೂನಿಗೆ ಅಂಕಿತ ಹಾಕಿದರು. ಅದರ ಬೆನ್ನಿಗೇ, ಒಕ್ಕೂಟ ಸರ್ಕಾರದ ಕೈಲಾಗದಷ್ಟನ್ನು ಈ ಕಾನೂನು ಕೊಡುತ್ತೇನೆ ಎನ್ನುತ್ತಿದೆ ಎಂದು ಹೇಳಿಕೆಯನ್ನೂ ಹೊರಡಿಸಿದರು. ದೇಶದಲ್ಲಿ ಒಬ್ಬ ವಿದ್ಯಾರ್ಥಿಯ ಮೇಲೆ ಆಗುವ ಸರಾಸರಿ ವೆಚ್ಚದ ಶೇ. 40ರಷ್ಟನ್ನು ವಾಷಿಂಗ್ಟನ್ ಹೊರುತ್ತದೆ ಎಂಬುದು ಅಂದಿನ ಭರವಸೆ. ಆ 40 ಯಾವತ್ತೂ ಬರಲಿಲ್ಲ. ಈಚಿನ ವರ್ಷಗಳಲ್ಲಂತೂ ಅದು 15ನ್ನೂ ಮುಟ್ಟಿಲ್ಲ.

ಫೋರ್ಡ್ ಆತಂಕ ನಿಜವಾಯಿತು ಅನ್ನೋಣ. ಆದರೆ ಈ ಕಾನೂನನ್ನು ದುಡ್ಡಿನ ಲೆಕ್ಕದಲ್ಲಷ್ಟೇ ಅಳೆದರೆ ಅದರ ದೊಡ್ಡ ಗೆಲುವೂ ಕಾಣದು, ನಿಜವಾದ ದೋಷವೂ ಕಾಣದು. ಎರಡೂ ಇರುವುದು ಒಂದೇ ಜಾಗದಲ್ಲಿ: ಮಗುವಿನ ತಂದೆತಾಯಿಗೆ ಅದು ಕೊಟ್ಟ ಸ್ಥಾನದಲ್ಲಿ.

ಈ ಕಾನೂನಿಗೂ ಹಿಂದಿನ ಸ್ಥಿತಿ ನೆನಪಿಗೆ ಬಾರದೆ ಈ ಗೆಲುವಿನ ಅಳತೆ ಸಿಗುವುದಿಲ್ಲ. ಕಾನೂನು ರೂಪಿಸುವಾಗ ಸಂಸತ್ತು ಕಂಡುಕೊಂಡಂತೆ ಹತ್ತು ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳು ಶಾಲೆಯ ಬಾಗಿಲ ಹೊರಗೇ ಇದ್ದರು. ಪೆನ್ಸಿಲ್ವೇನಿಯಾದಲ್ಲಿ ಬುದ್ಧಿಮಾಂದ್ಯ ಮಕ್ಕಳ ಪೋಷಕರ ಸಂಘವೇ ನ್ಯಾಯಾಲಯದ ಮೆಟ್ಟಿಲೇರಿತು. ವಾಷಿಂಗ್ಟನ್ ನಗರದ ಶಾಲಾಡಳಿತ ತನ್ನ ಮೇಲಿನ ಮೊಕದ್ದಮೆಯಲ್ಲಿ ಹಣವಿಲ್ಲ ಎಂದು ಕೈ ಚೆಲ್ಲಿತು. ಹಣ ಸಾಲದಿದ್ದರೆ ಕೊರತೆಯನ್ನು ಎಲ್ಲ ಮಕ್ಕಳೂ ಹಂಚಿಕೊಳ್ಳಲಿ, ಅಂಗವಿಕಲ ಮಕ್ಕಳ ತಲೆಯ ಮೇಲೇ ಹೆಚ್ಚು ಹೇರುವುದು ಸಲ್ಲದು ಎಂಬರ್ಥದ ತೀರ್ಪು 1972ರಲ್ಲಿ ಬಂತು. ಇವತ್ತು ಐಡಿಇಎ ಎಂದು ಕರೆಸಿಕೊಳ್ಳುವ 1975ರ ಆ ಕಾನೂನಿನಡಿ 2022–23ರಲ್ಲಿ 3ರಿಂದ 21 ವರ್ಷದವರೆಗಿನ ಸುಮಾರು 75 ಲಕ್ಷ ಮಂದಿ ಸೇವೆ ಪಡೆದರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಇದು ಶೇ. 15ರಷ್ಟು. ಇಂಥ ಸಾಧನೆಯನ್ನು ಮೂಗು ಮುರಿದು ನೋಡುವಂತಿಲ್ಲ.

ಈ ವ್ಯವಸ್ಥೆಯ ಹೃದಯ ಐಇಪಿ, ಅಂದರೆ ಒಂದು ಮಗುವಿಗೆಂದೇ ಬರೆದ ಶಿಕ್ಷಣ ಯೋಜನೆ. ಕನಿಷ್ಠ ವರ್ಷಕ್ಕೊಮ್ಮೆ ಸಭೆ. ತರಗತಿಯ ಟೀಚರ್, ಸ್ಪೆಷಲ್ ಎಜುಕೇಶನ್ ಟೀಚರ್, ಪರೀಕ್ಷೆಗಳ ಫಲಿತಾಂಶವನ್ನು ಬಿಡಿಸಿ ಹೇಳಬಲ್ಲವರು, ಸ್ಥಳೀಯ ಶಾಲಾಡಳಿತವಾದ ಡಿಸ್ಟ್ರಿಕ್ಟ್ ಪರವಾಗಿ ಒಪ್ಪಿಗೆ ಕೊಡಬಲ್ಲ ಅಧಿಕಾರಿ, ಬೇಕಾದರೆ ಸ್ಪೀಚ್ ಥೆರಪಿಸ್ಟ್, ಇವರೆಲ್ಲರ ನಡುವೆ ಮಗುವಿನ ಅಪ್ಪ ಅಮ್ಮ. ಅವರು ಅಹವಾಲು ಹೊತ್ತು ಬಂದವರಲ್ಲ, ಕಾನೂನಿನ ಪ್ರಕಾರ ಆ ತಂಡದ ಸದಸ್ಯರು. ಅವರ ಲಿಖಿತ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಮೊದಲ ಮೌಲ್ಯಮಾಪನವೂ ನಡೆಯುವುದಿಲ್ಲ, ಮೊದಲ ಸೇವೆಯೂ ಶುರುವಾಗುವುದಿಲ್ಲ. ಶಾಲೆಯ ಮೌಲ್ಯಮಾಪನ ಸರಿಯಿಲ್ಲ ಅನಿಸಿದರೆ ಹೊರಗಿನ ತಜ್ಞರಿಂದ ಸರ್ಕಾರಿ ಖರ್ಚಿನಲ್ಲೇ ಮಾಡಿಸಿ ಎಂದು ಕೇಳಬಹುದು. ವ್ಯಾಜ್ಯ ಮುಗಿಯುವವರೆಗೆ ಮಗುವನ್ನು ಇದ್ದ ತರಗತಿಯಿಂದ ಸಾಮಾನ್ಯವಾಗಿ ಅಲುಗಾಡಿಸುವಂತಿಲ್ಲ. ಹೆಡ್‌ಮಾಸ್ತರರ ಕೋಣೆಯ ಹೊರಗೆ ಬೆಂಚಿನ ಮೇಲೆ ಕಾದು ಕೂತು ಅಭ್ಯಾಸವಿರುವ ಯಾವ ದೇಶದ ಪೋಷಕರಿಗೂ ಇದು ಕನಸಿನಂತೆ ಕಂಡೀತು.

ಕುರ್ಚಿಯೇನೋ ಸಿಕ್ಕಿತು. ಅದರಲ್ಲಿ ಕೂತವರು ಏನು ಓದುತ್ತಾರೆ?

ಐಇಪಿಯನ್ನು ಒಂದು ಬರಹವೆಂದುಕೊಂಡು ಓದಿದರೆ ನಮ್ಮ ಕಂದಾಯ ಇಲಾಖೆಯ ಕಾಗದಪತ್ರವೇ ವಾಸಿ ಅನಿಸುತ್ತದೆ. ಪುಟದ ತುಂಬ ಸಂಕ್ಷೇಪಾಕ್ಷರಗಳು. ಗುರಿಗಳೆಲ್ಲ ಒಂದೇ ಅಚ್ಚಿನವು: ಐದರಲ್ಲಿ ನಾಲ್ಕು ಸಲ, ಶೇ. 80 ನಿಖರತೆಯಿಂದ ಮಗು ಇಂಥದ್ದನ್ನು ಮಾಡುವುದು. ಶೇ. 80 ನಿಖರತೆಯಿಂದ ರಸ್ತೆ ದಾಟಲು ಕಲಿತ ಮಗುವಿನ ಗತಿಯೇನು ಎಂಬುದು ಅಲ್ಲಿನ ಟೀಚರುಗಳ ನಡುವಿನ ಹಳೆಯ ಕುಚೋದ್ಯ. ಅಳೆಯಲು ಬರುವಂಥ ಗುರಿ ಇರಲಿ ಎಂಬ ಕಾನೂನಿನ ಆಶಯ ಒಳ್ಳೆಯದೇ. ಆದರೆ ಅಳೆಯಲು ಸುಲಭವಾದದ್ದೇ ಗುರಿಯಾಗಿಬಿಡುವ ಅಪಾಯವೂ ಅದರ ಬೆನ್ನಿಗೇ ಇದೆ.

ಎಂಡ್ರೂ ಪ್ರಕರಣದಲ್ಲಿ ಆದದ್ದು ಇದರ ಇನ್ನೊಂದು ಮುಖ. ಕೊಲರಾಡೊದ ಡಗ್ಲಸ್ ಕೌಂಟಿ ಡಿಸ್ಟ್ರಿಕ್ಟಿನಲ್ಲಿ ಓದುತ್ತಿದ್ದ, ಆಟಿಸಂ ಇದ್ದ ಈ ಹುಡುಗನ ಯೋಜನೆಯಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅವೇ ಗುರಿಗಳು ನಕಲಾಗುತ್ತಿದ್ದವು. 2010ರಲ್ಲಿ ಪೋಷಕರು ಅವನನ್ನು ಖಾಸಗಿ ಶಾಲೆಗೆ ಸೇರಿಸಿದರು, ಮುಂದೆ ಆ ಖರ್ಚನ್ನು ಡಿಸ್ಟ್ರಿಕ್ಟ್ ಕೊಡಲಿ ಎಂದು ದಾವೆ ಹೂಡಿದರು. ಏನೋ ಒಂದಿಷ್ಟು ಪ್ರಯೋಜನವಾಗಿದ್ದರೆ ಸಾಕು ಎಂಬುದು ಕೆಳಗಿನ ನ್ಯಾಯಾಲಯಗಳ ನಿಲುವು. ಆ ನಿಲುವಿನ ಬೇರು 1982ರ ರೌಲಿ ತೀರ್ಪಿನಲ್ಲಿತ್ತು. ಕಿವಿ ಕೇಳದ ಏಮಿ ರೌಲಿ ತರಗತಿಯಿಂದ ತರಗತಿಗೆ ತೇರ್ಗಡೆಯಾಗುತ್ತಿದ್ದಾಳಲ್ಲ, ಸಂಜ್ಞೆಭಾಷೆಯ ಇಂಟರ್‌ಪ್ರಿಟರ್ ಯಾಕೆ ಎಂದು ಸುಪ್ರೀಂ ಕೋರ್ಟ್ ಅಂದು ತೀರ್ಮಾನಿಸಿತ್ತು. 2017ರ ಮಾರ್ಚಿನಲ್ಲಿ ಅದೇ ಕೋರ್ಟ್ ಸರ್ವಾನುಮತದಿಂದ ಎಂಡ್ರೂ ಪರ ನಿಂತಿತು. ಮಗುವಿನ ಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಯೋಜನೆ ಇರಬೇಕು ಎಂದಿತು. ಮರುವರ್ಷ ಡಿಸ್ಟ್ರಿಕ್ಟ್ ಸುಮಾರು 13 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿತು. ಅಷ್ಟರಲ್ಲಿ ಅವನ ಶಾಲಾ ವಯಸ್ಸೇ ಬಹುಪಾಲು ಕಳೆದುಹೋಗಿತ್ತು. ಮೊದಲಿಗೇ ಖಾಸಗಿ ಶಾಲೆಯ ಫೀಸು ಕಟ್ಟುವ ಶಕ್ತಿ ಆ ಮನೆಗೆ ಇಲ್ಲದಿದ್ದರೆ ಈ ತೀರ್ಪೇ ಹುಟ್ಟುತ್ತಿರಲಿಲ್ಲ ಎಂಬುದು ಸಂಭ್ರಮದಲ್ಲಿ ಮರೆತುಹೋಗುವ ಸಂಗತಿ.

ಇಲ್ಲೇ ಈ ವ್ಯವಸ್ಥೆಯ ಅಸಲಿ ತೊಡಕು ಇರುವುದು. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ನಮ್ಮ ಜಿಲ್ಲೆಯಂಥದ್ದಲ್ಲ. ಹೆಚ್ಚಿನ ಕಡೆ ತನ್ನದೇ ಚುನಾಯಿತ ಮಂಡಳಿ ಇರುವ, ಊರವರ ಆಸ್ತಿ ತೆರಿಗೆಯನ್ನು ಬಹಳವಾಗಿ ನೆಚ್ಚಿಕೊಂಡಿರುವ ಸ್ಥಳೀಯ ಸಂಸ್ಥೆ ಅದು. ಅಂಥವು ದೇಶದಲ್ಲಿ 13,000ದಷ್ಟಿವೆ. ಮಗುವಿಗೆ ಎಷ್ಟು ಸೇವೆ ಬೇಕು ಎಂದು ಹೇಳುವವರೂ ಅವರೇ, ಅದರ ಬಿಲ್ಲು ಕಟ್ಟುವವರೂ ಅವರೇ. ತಪ್ಪಿದರೆ ಹಿಡಿಯುವವರು ಯಾರು? ಬಹುಮಟ್ಟಿಗೆ ಪೋಷಕರೇ. ಸುಪ್ರೀಂ ಕೋರ್ಟಿನ 2005ರ ಶಾಫರ್ ತೀರ್ಪಿನ ಪ್ರಕಾರ ಐಇಪಿ ಸರಿಯಿಲ್ಲ ಎಂದು ದೂರಿದವರೇ ಅದನ್ನು ಸಾಬೀತು ಮಾಡಬೇಕು. ಸಾಕ್ಷ್ಯಕ್ಕೆ ಕರೆತಂದ ತಜ್ಞರ ಫೀಸು ಗೆದ್ದರೂ ವಾಪಸು ಸಿಗುವುದಿಲ್ಲ ಎಂದು 2006ರಲ್ಲಿ ಇನ್ನೊಂದು ತೀರ್ಪು. ಹಕ್ಕನ್ನು ಕೊಟ್ಟ ಕೈಯೇ ಅದನ್ನು ಚಲಾಯಿಸುವ ಖರ್ಚನ್ನು ಅಪ್ಪ ಅಮ್ಮನ ಹೆಗಲಿಗೇರಿಸಿತು. ವಕೀಲರನ್ನು ಹಿಡಿಯಬಲ್ಲ ಮನೆಯ ಮಗುವಿಗೂ ಎರಡೆರಡು ಪಾಳಿ ದುಡಿಯುವ ತಾಯಿಯ ಮಗುವಿಗೂ ಕಾಗದದ ಮೇಲೆ ಹಕ್ಕು ಒಂದೇ.

ಕಾವಲು ಪೋಷಕರಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಸ್ ನೋಡಬೇಕು. ಅಲ್ಲಿನ ರಾಜ್ಯ ಶಿಕ್ಷಣ ಸಂಸ್ಥೆ 2004ರಲ್ಲಿ ಒಂದು ಸೂಚ್ಯಂಕ ತಂದಿತು: ವಿಶೇಷ ಶಿಕ್ಷಣದ ಮಕ್ಕಳು ಶೇ. 8.5ರೊಳಗೆ ಇದ್ದರೆ ಡಿಸ್ಟ್ರಿಕ್ಟಿಗೆ ಒಳ್ಳೆಯ ಅಂಕ. ದೇಶದ ಸರಾಸರಿ ಆಗ 13ರ ಆಸುಪಾಸಿನಲ್ಲಿತ್ತು. ವರ್ಷಗಳು ಕಳೆದಂತೆ ರಾಜ್ಯದ ಸಂಖ್ಯೆ ಇಳಿದಿಳಿದು ಕರಾರುವಾಕ್ಕಾಗಿ 8.5ಕ್ಕೆ ಬಂದು ನಿಂತಿತು. ಮಕ್ಕಳ ತೊಂದರೆಗಳು ಸುತ್ತೋಲೆ ಓದಿಕೊಂಡು ಕಡಿಮೆಯಾಗುತ್ತವೆಯೇ? ತಮ್ಮ ಮಗುವಿಗೆ ಸೇವೆ ಏಕೆ ಸಿಗಲಿಲ್ಲ ಎಂದು ಬೇರೆ ಬೇರೆ ಊರಿನ ಮನೆಗಳು ತಮ್ಮತಮ್ಮಲ್ಲೇ ಕೊರಗಿದವು, ಇಡೀ ಚಿತ್ರ ಯಾರಿಗೂ ಸಿಗಲಿಲ್ಲ. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆಳೆಯಿತು. 2018ರ ಜನವರಿಯಲ್ಲಿ ಒಕ್ಕೂಟದ ಶಿಕ್ಷಣ ಇಲಾಖೆ ಟೆಕ್ಸಸ್ ಕಾನೂನು ಮುರಿದಿದೆ ಎಂದು ಘೋಷಿಸಿತು. ಹನ್ನೆರಡು ವರ್ಷ ಮೇಲಿನವರ ಕಣ್ಣು ಎಲ್ಲಿತ್ತು ಎಂಬ ಪ್ರಶ್ನೆ ಹಾಗೇ ಉಳಿಯಿತು. ಅದೇ ಇಲಾಖೆಯ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವ ತೀರ್ಮಾನ 2025ರ ಮಾರ್ಚಿನಲ್ಲಿ ಹೊರಬಿತ್ತು.

ವಲಸೆ ಬಂದವರ ಪಾಡು ಇನ್ನೂ ಒಂದು ಕೈ ಮೇಲು. ಒಂಬತ್ತರ ವಯಸ್ಸಿನಲ್ಲಿ ಮೆಕ್ಸಿಕೊದಿಂದ ಮಿಷಿಗನ್‌ನ ಸ್ಟರ್ಜಿಸ್‌ಗೆ ಬಂದ ಮಿಗೆಲ್ ಪೆರೆಜ್‌ಗೆ ಕಿವಿ ಕೇಳುತ್ತಿರಲಿಲ್ಲ. ಶಾಲೆ ಕೊಟ್ಟ ಸಹಾಯಕರಿಗೆ ಸಂಜ್ಞೆಭಾಷೆಯ ಅರ್ಹತೆಯೇ ಇರಲಿಲ್ಲ, ಒಬ್ಬರು ತಾವೇ ಕಲಿತುಕೊಳ್ಳಲು ಹೊರಟಿದ್ದರು ಎಂಬುದು ಕುಟುಂಬದ ಆರೋಪ. ಮನೆಗೆ ಮಾತ್ರ ಒಳ್ಳೆಯ ಅಂಕಗಳ ರಿಪೋರ್ಟ್ ಕಾರ್ಡ್ ಬರುತ್ತಿತ್ತು. ಪದವಿಗೆ ಕೆಲವೇ ತಿಂಗಳಿರುವಾಗ ಡಿಪ್ಲೊಮಾ ಇಲ್ಲ ಎಂದರು. ಪರಿಹಾರ ಕೇಳುವ ಅವನ ಹಕ್ಕನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಸರ್ವಾನುಮತದಿಂದ ಎತ್ತಿಹಿಡಿಯಿತು. ತಂಡದ ಸದಸ್ಯರು ಎಂದು ಕಾನೂನು ಕರೆದ ಹೆತ್ತವರು ಅಷ್ಟು ವರ್ಷ ಆ ಅಂಕಗಳನ್ನಷ್ಟೇ ನಂಬಿದ್ದರು.

ಫ್ರೀಮಾಂಟ್ ಅಥವಾ ಎಡಿಸನ್ನಿನಂಥ ಅಮೆರಿಕದ ಊರುಗಳ ಕನ್ನಡ ಮನೆಗಳಿಗೆ ಇಂಗ್ಲಿಷ್ ಗೊತ್ತು, ಸಾಫ್ಟ್‌ವೇರ್ ಸಂಬಳವೂ ಇದೆ. ಹಾಗಾಗಿ ತಮಗೆ ಈ ಗೋಳಿಲ್ಲ ಎಂದುಕೊಳ್ಳುವುದು ಸುಲಭ. ಆದರೆ ಮಗುವನ್ನು ಅದಕ್ಕೆ ಗೊತ್ತಿರುವ ಭಾಷೆಯಲ್ಲೇ ಪರೀಕ್ಷಿಸಬೇಕು, ಇಂಗ್ಲಿಷ್ ಬಾರದ್ದನ್ನೇ ವೈಕಲ್ಯವೆಂದು ಎಣಿಸಕೂಡದು ಎಂದು ಕಾನೂನೇ ಹೇಳಿದೆ. ಮನೆಯಲ್ಲಿ ಅಜ್ಜಿಯೊಡನೆ ಕನ್ನಡದಲ್ಲೇ ಎರಡು ಪದ ಕೂಡಿಸಿ ಮಾತಾಡುವ ಮಗು ಇಂಗ್ಲಿಷ್ ಪರೀಕ್ಷೆಯಲ್ಲಿ ಮೂಕವಾದರೆ ಅದನ್ನು ಸಭೆಯಲ್ಲಿ ಎತ್ತಬೇಕಾದವರು ಅಪ್ಪ ಅಮ್ಮನೇ. ಮಾತು ತಡವಾದ ಮಗುವಿನ ಮುಂದೆ ಕನ್ನಡ ಬಿಡಿ ಎಂಬ ಬಿಟ್ಟಿ ಸಲಹೆ ಬೇರೆ. ಎರಡು ಭಾಷೆ ಆಟಿಸಂ ಇರುವ ಮಕ್ಕಳ ಮಾತಿಗೆ ಅಡ್ಡಿ ಎಂಬುದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಇನ್ನು ಊರಿಗೆ ಮರಳಿದವರ ಐಇಪಿಗೆ ಬೆಂಗಳೂರಿನಲ್ಲಿ ಕಾನೂನಿನ ಬಲವಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 18ರವರೆಗೆ ಉಚಿತ ಶಿಕ್ಷಣ ಕೊಡುತ್ತದೆ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಪೋಷಕರೂ ಕೂರುತ್ತಾರೆ. ಆದರೆ ಒಂದು ಮಗುವಿನ ಓದಿನ ಬಗ್ಗೆ ಅದರ ತಾಯಿ ಸಹಿ ಹಾಕುವ, ಒಪ್ಪದಿದ್ದರೆ ತಡೆಯುವ ಸಭೆ ಇವೆರಡರಲ್ಲೂ ಇಲ್ಲ.

ಹಾಗಾದರೆ ಕುಟುಂಬದ ಬೆಂಬಲ ಎಂಬುದು ಅಮೆರಿಕದ ಕಾನೂನಿನಲ್ಲಿ ಇಲ್ಲವೇ? ಇದೆ, ವಿಚಿತ್ರವಾದ ಜಾಗದಲ್ಲಿ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಬರೆಯುವ ಯೋಜನೆಯ ಹೆಸರಲ್ಲೇ ಕುಟುಂಬವಿದೆ. ಥೆರಪಿಸ್ಟ್ ಮನೆಗೇ ಬರುತ್ತಾರೆ. ಮನೆಯವರಿಗೆ ಯಾವುದರ ಚಿಂತೆ, ಯಾವುದು ಮೊದಲಾಗಬೇಕು ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮೂರನೇ ಹುಟ್ಟುಹಬ್ಬಕ್ಕೆ ಅದೆಲ್ಲ ಕಡಿದುಹೋಗಿ, ನಿನ್ನೆವರೆಗೆ ಆಸರೆ ಪಡೆಯುತ್ತಿದ್ದ ತಾಯಿ ಇವತ್ತು ಸಭೆಯಲ್ಲಿ ವಾದಿಸಬೇಕಾದ ಸದಸ್ಯೆ. ಪೋಷಕರಿಗೆ ಸಲಹೆ, ತರಬೇತಿ ಆ ಬಳಿಕವೂ ಸೇವೆಗಳ ಪಟ್ಟಿಯಲ್ಲಿದೆ, ಆದರೆ ಕೇಳಿ ಪಡೆಯಬೇಕು. ಪ್ರತಿ ರಾಜ್ಯದಲ್ಲೂ ಒಂದಾದರೂ ಇರುವ ಪೋಷಕರ ಮಾಹಿತಿ ಕೇಂದ್ರಗಳು ಮಾತ್ರ ಈ ವ್ಯವಸ್ಥೆಯ ಅತ್ಯುತ್ತಮ ಭಾಗ. ಮಿನೆಸೋಟಾದ ಪೇಸರ್ ಅಂಥದ್ದು. ಅಲ್ಲಿ ಈ ದಾರಿಯಲ್ಲಿ ಮೊದಲೇ ನಡೆದ ಪೋಷಕರು ಹೊಸಬರಿಗೆ ಐಇಪಿ ಓದಲು ಕಲಿಸುತ್ತಾರೆ.

ಸರಿಪಡಿಸುವ ದಾರಿಗಳನ್ನು ಹೊಸದಾಗಿ ಹುಡುಕಬೇಕಿಲ್ಲ. ಶಾಫರ್ ತೀರ್ಪಿನ ನಂತರ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ತಮ್ಮದೇ ಕಾನೂನು ಮಾಡಿ ಸಾಬೀತಿನ ಹೊರೆಯನ್ನು ಮತ್ತೆ ಡಿಸ್ಟ್ರಿಕ್ಟಿನ ಮೇಲೆ ಹಾಕಿದವು. ಆ ಪ್ರಕರಣ ಹುಟ್ಟಿದ ಮೇರಿಲ್ಯಾಂಡ್ ಬೇರೊಂದು ಕಡೆಯಿಂದ ಹೊರಟಿತು: ಮಗುವಿಗೆ ಮೂರು ತುಂಬಿದ ಮೇಲೂ ಕುಟುಂಬಕೇಂದ್ರಿತ ಯೋಜನೆಯಲ್ಲೇ ಇನ್ನಷ್ಟು ಕಾಲ ಉಳಿಯುವುದೋ, ಐಇಪಿಗೆ ಹೋಗುವುದೋ ಎಂಬ ಆಯ್ಕೆ ಅಲ್ಲಿ ಹೆತ್ತವರದು. ಹೀಗೆ ಮುಂದುವರಿಸಲು 2004ರ ತಿದ್ದುಪಡಿ ಎಲ್ಲ ರಾಜ್ಯಗಳಿಗೂ ಅವಕಾಶ ಕೊಟ್ಟಿದೆ. ಬಹುತೇಕ ರಾಜ್ಯಗಳು ಅದನ್ನು ಬಳಸಿಕೊಂಡಿಲ್ಲ.